ಅಜ್ಜಿಯ ಲೆಕ್ಕಕ್ಕೆ ಬಂದ ಪೈಥಾನ್

"ತಾತ, ಸ್ಕ್ರ್ಯಾಚ್ ಮುಗೀತು. ಮುಂದೆ ಯಾವುದು ಕಲೀಲಿ?"

ಎಂಟನೇ ತರಗತಿಯ ಮೊಮ್ಮಗಳು ಕೇಳಿದಳು. ಹಿರಿಯರಿಗಾಗಿ ಒಂದು ಮಾತು: ಬಣ್ಣದ ತುಣುಕುಗಳನ್ನು ಒಂದರ ಕೆಳಗೊಂದು ಜೋಡಿಸಿ ಪರದೆಯ ಮೇಲಿನ ಬೆಕ್ಕನ್ನು ಕುಣಿಸುವ ಪ್ರೋಗ್ರಾಮಿಂಗ್ ಭಾಷೆಯೇ ಸ್ಕ್ರ್ಯಾಚ್. ಅಮೆರಿಕದ ಎಂಐಟಿಯವರು ಮಕ್ಕಳಿಗೆಂದೇ 2007ರಲ್ಲಿ ಹೊರತಂದದ್ದು. ಇನ್ನು ಮುಂದೆ ಅವಳು ಸಾಲುಗಳನ್ನು ಬರೆದೇ ಕಂಪ್ಯೂಟರಿಗೆ ಕೆಲಸ ಹೇಳಬೇಕು.

ಅವಳ ಅಪ್ಪ "ಜಾವಾ" ಎಂದ. ಮಹಡಿ ಮನೆಯ ಇಂಜಿನಿಯರಿಂಗ್ ಹುಡುಗ "ಮೊದಲು ಸಿ" ಎಂದ. ವಿಜಯನಗರದ ಒಂದು ಕೋಚಿಂಗ್ ಸೆಂಟರಿನವರು ಆರು ತಿಂಗಳಲ್ಲಿ ಮೂರು ಭಾಷೆ ಕಲಿಸುತ್ತೇವೆಂದು ನನ್ನ ಒಂದು ತಿಂಗಳ ಪಿಂಚಣಿಯಷ್ಟು ಫೀಸು ಹೇಳಿದರು. ಈಗಾಗಲೇ ಚಿತ್ರಕಲೆ, ಕೀಬೋರ್ಡ್ ಎರಡನ್ನೂ ಅರ್ಧಕ್ಕೆ ಬಿಟ್ಟವಳು. "ಇದನ್ನೂ ಬಿಟ್ಟರೆ ಇನ್ನು ಯಾವ ಕ್ಲಾಸೂ ಇಲ್ಲ" ಎಂದಿದ್ದ ಮಗ.

ನಾನು ಅವಳನ್ನು ಬೈಯುವ ಹಾಗಿರಲಿಲ್ಲ. ಬ್ಯಾಂಕಿಗೆ ಕಂಪ್ಯೂಟರ್ ಬರುತ್ತದಂತೆ ಎಂದು ಸುದ್ದಿ ಹಬ್ಬಿದ ಕಾಲದಲ್ಲಿ ನಾನೂ ರಾಜಾಜಿನಗರದಲ್ಲಿ ಸಂಜೆ ತರಗತಿಗೆ ಸೇರಿದ್ದೆ. ಮೂರು ತಿಂಗಳು ಬೇಸಿಕ್. ಬ್ಯಾಂಕಿನವರಿಗೆ ಕೋಬಾಲ್ ಒಳ್ಳೆಯದು ಎಂದರು ಯಾರೋ, ಅದಕ್ಕೆ ಹಾರಿದೆ. ಆಮೇಲೆ ಡಿಬೇಸ್. ಮೂರರಲ್ಲೂ ಉಪಯೋಗಕ್ಕೆ ಬರುವ ಒಂದೇ ಒಂದು ಪ್ರೋಗ್ರಾಂ ಬರೆಯಲಿಲ್ಲ.

ಹಾಗಾಗಿ ಅವಳನ್ನು ಬೇರೆ ಪ್ರಶ್ನೆ ಕೇಳಿದೆ: "ಕಂಪ್ಯೂಟರ್ ಕೈಲಿ ಏನು ಮಾಡಿಸಬೇಕು ಅಂತಿದೀಯ?"

ಸ್ವಲ್ಪ ಯೋಚಿಸಿ, "ಅಜ್ಜಿ ಲೆಕ್ಕದ ಪುಸ್ತಕ ತಾಳೆ ನೋಡಬೇಕು" ಎಂದಳು. ತಿಂಗಳ ಕೊನೆಯಲ್ಲಿ ನಮ್ಮಿಬ್ಬರ ಜಗಳ ಆ ಪುಸ್ತಕದ ಮೇಲೇ ಎಂದು ಅವಳಿಗೆ ಗೊತ್ತು.

ಆ ಕೆಲಸಕ್ಕೆ ಪೈಥಾನ್ ಸಾಕೆನಿಸಿತು. ದುಡ್ಡು ಕೊಡಬೇಕಿಲ್ಲ, ಮನೆಯ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಪರದೆಯ ಮೇಲೆ ಹೆಸರು ಮೂಡಿಸಲು ಜಾವಾದ ರೂಢಿಯ ಬರವಣಿಗೆಯಲ್ಲಿ ನಾಲ್ಕೈದು ಸಾಲು ಬೇಕಾದರೆ ಇಲ್ಲಿ ಒಂದೇ ಸಾಲು. ನೆದರ್ಲೆಂಡಿನ ಗೀಡೊ ವಾನ್ ರಾಸಮ್ 1991ರಲ್ಲಿ ಇದನ್ನು ಹೊರತಂದರು. ಮಕ್ಕಳೇ, ಈ ಹೆಸರು ಹೆಬ್ಬಾವಿನಿಂದ ಬಂದದ್ದಲ್ಲ. 'ಮಾಂಟಿ ಪೈಥಾನ್' ಎಂಬ ಬ್ರಿಟಿಷ್ ಹಾಸ್ಯ ಕಾರ್ಯಕ್ರಮದಿಂದ!

ಎರಡನೇ ವಾರ ಪೇಚಾಯಿತು. 0.1 ರೂಪಾಯಿಗೆ 0.2 ಕೂಡಿದರೆ 0.3 ಆಗುತ್ತದೆಯೇ ಎಂದು ಅವಳು ಕೇಳಿದ್ದಕ್ಕೆ ಕಂಪ್ಯೂಟರ್ 'ಇಲ್ಲ' ಎಂದಿತು! ಅದರ ಉತ್ತರ 0.30000000000000004. ಲೆಕ್ಕ ತಾಳೆಯಾಗದೆ ರಾತ್ರಿ ಎಂಟರವರೆಗೆ ಬ್ಯಾಂಕಿನಲ್ಲಿ ಕೂತವನಿಗೆ ಎದೆ ಧಸಕ್ಕೆಂದಿತು.

"ಪೈಥಾನ್ ಸರಿಯಿಲ್ಲ ತಾತ, ಜಾವಾ ಕಲೀತೀನಿ."

ನನಗೂ ಹಾಗೇ ಅನಿಸಿತು, ಸುಳ್ಳೇಕೆ? ಮಹಡಿಯ ಹುಡುಗನನ್ನು ಕರೆದೆವು. ಅವನು ಜಾವಾದಲ್ಲಿ ಮಾಡಿ ತೋರಿಸಿದ. ಅದೇ ಉತ್ತರ, ಕೊನೆಯ 4ರ ಸಮೇತ!

ಕಂಪ್ಯೂಟರ್ ಒಳಗೆ ಎಣಿಸುವುದು ಸೊನ್ನೆ, ಒಂದು ಎರಡರಲ್ಲೇ. ಒಂದು ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲಾ 33 ಪೈಸೆ ಕೊಟ್ಟಮೇಲೂ ಚೂರು ಉಳಿಯುವುದಿಲ್ಲವೇ? ಹಾಗೆಯೇ ಹತ್ತನೇ ಒಂದು ಭಾಗ ಅದರ ಎಣಿಕೆಗೆ ಪೂರ್ತಿ ದಕ್ಕುವುದಿಲ್ಲ. ವ್ಯವಹಾರದ ಲೆಕ್ಕಕ್ಕೆಂದೇ 1959ರಲ್ಲಿ ರೂಪಿಸತೊಡಗಿದ ಕೋಬಾಲ್ ಮಾತ್ರ ಹಣವನ್ನು ದಶಮಾಂಶದಲ್ಲೇ ಇಟ್ಟುಕೊಳ್ಳಬಲ್ಲದು. ಅಂದು ಅರ್ಧಕ್ಕೆ ಬಿಡದಿದ್ದರೆ ಇದು ನನಗೆ ಮೊದಲೇ ತಿಳಿಯುತ್ತಿತ್ತೇನೋ.

ಪೈಥಾನ್‌ನಲ್ಲೂ ದಶಮಾಂಶಕ್ಕೆ ಬೇರೆ ಏರ್ಪಾಡಿದೆ ಎಂದ ಹುಡುಗ. ಅದಕ್ಕೂ ಸುಲಭದ ಗುಮಾಸ್ತನ ಉಪಾಯ ನನ್ನಲ್ಲಿತ್ತು: "ರೂಪಾಯಿ ಬೇಡ, ಎಲ್ಲವನ್ನೂ ಪೈಸೆಯಲ್ಲೇ ಬರಿ." 10 ಮತ್ತು 20 ಕೂಡಿದರೆ 30. ತಾಳೆ ಆಯಿತು!

ಹೋದ ತಿಂಗಳ ಪುಸ್ತಕವಿಡೀ ಕೂಡಿದಳು. ಒಂದೇ ತಪ್ಪು ಸಿಕ್ಕಿತು: ಒಂದು ದಿನದ ಹಾಲಿನ ದುಡ್ಡು ಎರಡು ಸಲ ದಾಖಲಾಗಿತ್ತು. ಅಕ್ಷರ ನನ್ನದು.

ಅಜ್ಜಿ ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಮೊಮ್ಮಗಳಿಗೆ ಹೇಳಿದಳು: "ಪುಟ್ಟಿ, ಹೋದ ವರ್ಷದ ಪುಸ್ತಕಾನೂ ಮೇಲಿಟ್ಟಿದೀನಿ. ಇಳಿಸ್ಕೊಡ್ಲಾ?"