ಬೆನ್ನುಹುರಿಯೊಳಗಿನ ನೀರು



ಮೇಣದಬತ್ತಿಯ ಜ್ವಾಲೆ ತಾಗಿದೊಡನೆ ನಾವು ಕೈ ಹಿಂದೆಗೆಯುತ್ತೇವೆ. ಆದರೆ ಬೆರಳು ಸುಟ್ಟರೂ ನೋವು ತಿಳಿಯದವರಿದ್ದಾರೆ. ಅವರಿಗೆ ಮುಟ್ಟಿದ್ದು ತಿಳಿಯುತ್ತದೆ, ಬಿಸಿ ಮಾತ್ರ ತಿಳಿಯದು. ಇಂಥದನ್ನು ಕಂಡು ಕುಷ್ಠವಿರಬಹುದೆಂದು ಹೆದರಿ ಮುಚ್ಚಿಡುವ ಮನೆಗಳೂ ಉಂಟು. ಕುಷ್ಠವೇ ಆದರೂ ಅದಕ್ಕೆ ಗುಣಪಡಿಸುವ ಔಷಧವಿದೆ, ಮುಚ್ಚಿಡಬೇಕಾಗಿಲ್ಲ. ಆದರೆ ಕೆಲವೊಮ್ಮೆ ಕಾರಣ ಬೆನ್ನುಹುರಿಯ ಒಳಗೇ ಇರುತ್ತದೆ.

ಬೆನ್ನುಹುರಿಯ ನಡುವೆ ನೀರು ತುಂಬಿದ ಪೊಳ್ಳು ಉಂಟಾಗುವ ಈ ರೋಗಕ್ಕೆ ಸಿರಿಂಗೋಮೈಲಿಯಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಸಿರಿಂಕ್ಸ್ ಎಂದರೆ ಕೊಳಲು. ನೋವು ಮತ್ತು ಬಿಸಿಯ ಸುದ್ದಿಯನ್ನು ಹೊತ್ತ ನರತಂತುಗಳು ಬೆನ್ನುಹುರಿಯ ನಡುವೆಯೇ ಒಂದು ಬದಿಯಿಂದ ಇನ್ನೊಂದಕ್ಕೆ ದಾಟುತ್ತವೆ. ಪೊಳ್ಳು ಹಿಗ್ಗಿದಾಗ ಮೊದಲು ಕೆಡುವುದು ಅವೇ. ಮುಂದೆ ಕೈಗಳ ಬಲ ಕುಂದುತ್ತದೆ, ಸ್ನಾಯುಗಳು ಸೊರಗುತ್ತವೆ. ಮಕ್ಕಳಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗುವುದೇ ಮೊದಲ ಗುರುತಾಗಿರಬಹುದು.

ಹಾಗಾದರೆ ನೀರನ್ನು ಬಸಿದುಬಿಟ್ಟರೆ ಸಾಲದೇ? 1892ರಲ್ಲೇ ನ್ಯೂಯಾರ್ಕಿನ ವೈದ್ಯರಾದ ಅಬ್ಬೆ ಮತ್ತು ಕೋಲಿ ಹಾಗೆ ಮಾಡಿ ನೋಡಿದ್ದರು. ಆದರೆ ತಡೆ ಇರುವಲ್ಲೇ ಉಳಿದರೆ ನೀರು ಮತ್ತೆ ತುಂಬಿಕೊಳ್ಳುತ್ತದೆ. ಎಷ್ಟೋ ರೋಗಿಗಳಲ್ಲಿ ಈ ತಡೆ ಇರುವುದು ಕುತ್ತಿಗೆಯ ಮೇಲ್ತುದಿಯಲ್ಲಿ. ಕಿರುಮೆದುಳಿನ ಕೆಳತುದಿ ತಲೆಬುರುಡೆಯ ತಳದ ರಂಧ್ರದೊಳಕ್ಕೆ ಇಳಿದು, ಮೆದುಳಿನ ಸುತ್ತಲಿನ ತಿಳಿದ್ರವ ಹರಿಯುವ ದಾರಿಯನ್ನು ಕಟ್ಟಿಬಿಡುತ್ತದೆ. 1891ರಲ್ಲಿ ಇದನ್ನು ವಿವರಿಸಿದ ಹಾನ್ಸ್ ಕಿಯಾರಿ ಅವರ ಹೆಸರನ್ನೇ ಈ ದೋಷಕ್ಕೆ ಇಡಲಾಗಿದೆ.

ಆದುದರಿಂದ ಇಂದಿನ ಶಸ್ತ್ರವೈದ್ಯರು ಇಂಥವರಲ್ಲಿ ಮೊದಲು ಪೊಳ್ಳನ್ನು ಮುಟ್ಟುವುದಿಲ್ಲ, ದಾರಿಯನ್ನು ಬಿಡಿಸುತ್ತಾರೆ. ತಲೆಯ ಹಿಂಭಾಗದಲ್ಲಿ ಸ್ವಲ್ಪ ಮೂಳೆಯನ್ನೂ, ಹೆಚ್ಚಾಗಿ ಕುತ್ತಿಗೆಯ ಮೊದಲ ಕಶೇರುವಿನ ಹಿಂಬದಿಯನ್ನೂ ತೆಗೆಯುತ್ತಾರೆ. ಅನೇಕ ವೇಳೆ ಮೆದುಳಿನ ಹೊದಿಕೆಯನ್ನು ತೆರೆದು, ತೇಪೆ ಹಾಕಿ ಅಗಲಗೊಳಿಸುತ್ತಾರೆ. ದ್ರವ ಸರಾಗವಾಗಿ ಹರಿದರೆ ಪೊಳ್ಳು ವಾರಗಳಲ್ಲಿ, ತಿಂಗಳುಗಳಲ್ಲಿ ತಾನಾಗಿಯೇ ಕುಗ್ಗುತ್ತದೆ. ಪೆಟ್ಟಿನಿಂದ ಬಂದ ಪೊಳ್ಳಾದರೆ ಅಂಟಿಕೊಂಡ ಕಲೆಯನ್ನು ಬಿಡಿಸಬೇಕು, ಗೆಡ್ಡೆಯಿಂದ ಬಂದುದಾದರೆ ಗೆಡ್ಡೆಯನ್ನು ತೆಗೆಯಬೇಕು. ಇವು ಫಲಿಸದಾಗ ಸಣ್ಣ ನಳಿಕೆಯಿಟ್ಟು ನೀರನ್ನು ಹೊರಹರಿಸುವುದುಂಟು, ಆದರೆ ನಳಿಕೆ ಕಟ್ಟಿಕೊಳ್ಳುವ ಭಯವಿದೆ. ದ್ರವ ಸೋರುವ, ಸೋಂಕು ತಗಲುವ ಅಪಾಯ ಎಲ್ಲ ವಿಧಾನಗಳಲ್ಲೂ ಇದೆ. ಪೊಳ್ಳು ಚಿಕ್ಕದಿದ್ದು ತೊಂದರೆ ಕೊಡದಿದ್ದರೆ ಎಂ.ಆರ್.ಐ. ಮಾಡಿಸುತ್ತಾ ಕಾಯುವುದೂ ಸರಿಯೇ.

ಕುಟುಂಬದವರು ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಈ ಶಸ್ತ್ರಚಿಕಿತ್ಸೆಯ ಮುಖ್ಯ ಗುರಿ ಉಳಿದಿರುವುದನ್ನು ಕಾಪಾಡುವುದು. ಕೆಮ್ಮಿದಾಗ ಬರುವ ತಲೆನೋವು ಅನೇಕರಲ್ಲಿ ಇಳಿಯುತ್ತದೆ, ಆದರೆ ಕಳೆದುಹೋದ ಸ್ಪರ್ಶಜ್ಞಾನ, ಸೊರಗಿದ ಬೆರಳ ಬಲ ಪೂರ್ತಿ ಮರಳದೆ ಇರಬಹುದು. ಹಾಗೆಂದು ಚಿಕಿತ್ಸೆ ಸೋತಿತೆನ್ನಬಾರದು. ರೋಗ ಮುಂದುವರಿಯದೆ ನಿಂತರೆ ಅದೇ ದೊಡ್ಡ ಗೆಲುವು.

ಆದುದರಿಂದ ತಡಮಾಡದಿರೋಣ. ನಮ್ಮ ಮನೆಯಲ್ಲಿ ಯಾರಿಗಾದರೂ ಸುಟ್ಟ ಗಾಯ ನೋಯದಿದ್ದರೆ ನರರೋಗ ತಜ್ಞರಿಗೆ ತೋರಿಸೋಣ. ಚಿಕಿತ್ಸೆಯ ನಂತರವೂ ಅವರ ಸ್ನಾನದ ನೀರಿನ ಬಿಸಿಯನ್ನು ಮೊದಲು ನಮ್ಮ ಕೈಯಿಂದಲೇ ನೋಡೋಣ.