ಹಲ್ಲಿನ ಮೇಲೊಂದು ಪಿಂಗಾಣಿ ಪೊರೆ

ಜಯನಗರದ ಡೆಂಟಲ್ ಲ್ಯಾಬ್ ಒಂದರಲ್ಲಿ ತಂತ್ರಜ್ಞರು ನನ್ನ ಅಂಗೈ ಮೇಲಿಟ್ಟ, ಹಲ್ಲಿನ ಮುಂಭಾಗಕ್ಕೆ ಅಂಟಿಸುವ ಪಿಂಗಾಣಿ ಪೊರೆಯಾದ ವೆನೀರ್‌ನ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಬೆರಳಿನ ಬಣ್ಣವೇ ಕಾಣುತ್ತಿತ್ತು. "ಮೆಲ್ಲಗೆ ಹಿಡೀರಿ ಮೇಡಂ, ಅಂಟಿಸೋ ತನಕ ಇದು ಬಲು ನಾಜೂಕು. ಹಲ್ಲಿಗೆ ಕೂತ್ಮೇಲೆ ಅದರ ಗಟ್ಟಿತನವೇ ಬೇರೆ" ಎಂದರು. ತಿರುಗಿಸಿ ನೋಡಿದೆ. ಹೊರಮೈ ಮಿರಮಿರ ಮಿಂಚುತ್ತಿದೆ, ಒಳಮೈ ಮಾತ್ರ ಸೀಮೆಸುಣ್ಣದಂತೆ ಬಿಳಿಚಿಕೊಂಡಿದೆ. ನನ್ನನ್ನು ಮರುಳು ಮಾಡಿದ್ದು ಆ ಮಂಕು ಮೈಯೇ.

ಆ ಮಂಕಿಗೆ ಕಾರಣ ಆಮ್ಲ. ಗಾಜನ್ನೂ ತಿನ್ನುವ ಹೈಡ್ರೋಫ್ಲೂರಿಕ್ ಆಮ್ಲ ಸವರಿದಾಗ ಪಿಂಗಾಣಿಯ ಗಾಜಿನಂಶ ಕರಗಿ, ಬರಿಗಣ್ಣಿಗೆ ಕಾಣದ ಕುಳಿಗಳು ಬೀಳುತ್ತವೆ. ಇತ್ತ ವೈದ್ಯರು ಹಲ್ಲಿನ ಎನಾಮಲ್‌ಗೆ ಫಾಸ್ಪರಿಕ್ ಆಮ್ಲ ಹಚ್ಚಿ ಅಲ್ಲೂ ಅಂಥವೇ ಕುಳಿ ಮಾಡುತ್ತಾರೆ. ಪಿಂಗಾಣಿಗೆ ಸಿಲೇನ್ ದ್ರವ ಲೇಪಿಸಿ, ರೆಸಿನ್ ಸಿಮೆಂಟ್ ಹಾಕಿ ಕೂರಿಸಿ ನೀಲಿ ಬೆಳಕು ಬಿಟ್ಟರೆ, ರೆಸಿನ್ ಎರಡೂ ಬದಿಯ ಕುಳಿಗಳಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಒಂದು ಆಮ್ಲ ಪಿಂಗಾಣಿಗೆ, ಇನ್ನೊಂದು ಹಲ್ಲಿಗೆ. ಎರಡನ್ನೂ ಕೆಡಿಸಿಯೇ ಕೂಡಿಸುವ ಈ ಉಪಾಯಕ್ಕೆ ತಲೆದೂಗಲೇಬೇಕು.

ಈ ಉಪಾಯ ಗೊತ್ತಾಗುವ ಮೊದಲು, 1928ರ ಸುಮಾರಿಗೆ ದಂತವೈದ್ಯ ಚಾರ್ಲ್ಸ್ ಪಿಂಕಸ್ ಹಾಲಿವುಡ್ ನಟರಿಗೆ ಮಾಡಿಕೊಟ್ಟ ವೆನೀರ್‌ಗಳು ಶೂಟಿಂಗ್ ಹೊತ್ತಿಗಷ್ಟೇ ನಿಲ್ಲುತ್ತಿದ್ದವು. 1955ರಲ್ಲಿ ದಂತವೈದ್ಯ ಮೈಕೆಲ್ ಬ್ಯೂನೊಕೋರ್ ಎನಾಮಲ್‌ಗೆ ಆಮ್ಲ ಹಚ್ಚುವ ವಿಧಾನ ತೋರಿಸಿದರು. ಪಿಂಗಾಣಿಗೂ ಆಮ್ಲ ಹಚ್ಚುವ ಸರದಿ 1980ರ ದಶಕದಲ್ಲಿ ಬಂತು.

ಮದುವೆ ಫೋಟೊಗೆಂದು, ವೆನೀರ್ ಕೂರಿಸಲು ಆರೋಗ್ಯವಾದ ಹಲ್ಲನ್ನು ತೇಯಿಸಿಕೊಳ್ಳುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ತೇಯ್ದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಎನಾಮಲ್ ಕೆಳಗಿನ ಡೆಂಟಿನ್ ತನಕ ತೇಯ್ದರೆ ಹಿಡಿತವೂ ಸಡಿಲ. ಕೋಲಾರ, ಪಾವಗಡದ ಕಡೆ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿ, ಬಾಯಿಗೆ ಕೈ ಅಡ್ಡ ಹಿಡಿದು ನಗುವ ಹುಡುಗಿಯರ ಮಾತು ಬೇರೆ. ಅವರಿಗೆ ವೆನೀರ್ ಸಿಗಬೇಕು.

ವೆನೀರ್ ಹಾಕಿಸಿಕೊಂಡವರು ಕಾಫಿ ಬಿಡಬೇಕಾಗಿಲ್ಲ. ಕಾಫಿ ಪಿಂಗಾಣಿಗೆ ಕಲೆ ಮಾಡದು, ಅಂಚಿನ ಸಿಮೆಂಟ್ ಗೆರೆಗೆ ಮಾಡೀತು. ಕೋಡುಬಳೆಯನ್ನು ಮುಂದಿನ ಹಲ್ಲಲ್ಲಿ ಕಡಿಯುವುದು, ಕಬ್ಬು ಸಿಗಿಯುವುದು ಬೇಡ. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ನೈಟ್‌ಗಾರ್ಡ್ ಬೇಕೇ ಬೇಕು. ಇದ್ದಿಲಿನ ಪುಡಿ ಹೊಳಪು ಕೆಡಿಸುತ್ತದೆ. ವೆನೀರ್‌ಗೆ ಹುಳುಕಿಲ್ಲದಿದ್ದರೂ ಅಂಚಿನಲ್ಲಿ ಹಲ್ಲು ಹುಳುಕಾಗಬಹುದು, ಆದ್ದರಿಂದ ದಿನಾ ಫ್ಲಾಸ್ ಮಾಡಿ. ಇನ್ನೊಂದು ವಿಷಯ: ಕ್ಲಿನಿಕ್‌ನಲ್ಲಿ ಹಚ್ಚುವ ಕೆಲವು ಫ್ಲೋರೈಡ್ ಜೆಲ್‌ಗಳಲ್ಲೂ ಆಮ್ಲವಿರುತ್ತದೆ, ಅದು ಪಿಂಗಾಣಿಯ ಹೊರಮೈಯನ್ನೂ ತಿನ್ನಬಲ್ಲದು. ಕುರ್ಚಿಯಲ್ಲಿ ಕೂತೊಡನೆ ವೆನೀರ್ ಇದೆಯೆಂದು ಹೇಳಿ, ನ್ಯೂಟ್ರಲ್ ಜೆಲ್ಲನ್ನೇ ಕೇಳಿ ಹಚ್ಚಿಸಿಕೊಳ್ಳಿ.