ಮಧುವನಹಳ್ಳಿಯ ಅಟ್ಟದಲ್ಲಿ ಸಿಕ್ಕ ಡಿಂಗ

ಗೋಣಿಚೀಲದ ಬಾಯಿ ಬಿಚ್ಚಿದ ಕೂಡಲೇ ಕಂಡದ್ದು ಹಳದಿ ಅಂಗಿ, ಕೆಂಪು ಹೊದಿಕೆ, ಅಗಲವಾದ ಎರಡು ಕಿವಿ. ಡಿಂಗ! ಬಾಲಮಂಗಳದ ಡಿಂಗ!

ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟದ ದಾರಿ ಹಿಡಿದರೆ ಪೇಟೆ ಮುಗಿದ ಸ್ವಲ್ಪ ಹೊತ್ತಿಗೇ ಮಧುವನಹಳ್ಳಿ. ಸ್ನೇಹಿತನ ಮನೆಯಲ್ಲಿ ಸುಣ್ಣ ಬಳಿಯಲೆಂದು ಅಟ್ಟ ಖಾಲಿ ಮಾಡಿದ್ದರು. ಚೀಲ ಗುಜರಿಗೆಂದು ಬಾಗಿಲ ಬಳಿ ಬಂದು ಕೂತಿತ್ತು. ನಾನು ನೆಲದ ಮೇಲೇ ಕೂತು ಒಂದೊಂದೇ ಸಂಚಿಕೆ ತೆಗೆಯುತ್ತಿದ್ದರೆ ಸ್ನೇಹಿತನ ತಾಯಿ, “ಅದ ತಕಂಡು ಯಾನ ಮಾಡಿಯೇ ಕಂದಾ? ನಮ್ ಹೈದ ಅನ್ನ ನೀರು ಬುಟ್ಟು ಓದ್ತಿದ್ದ” ಎಂದರು. ಕೆಲವು ಹಾಳೆಗಳ ಅಂಚನ್ನು ಗೆದ್ದಲು ತಿಂದಿತ್ತು. ಒಂದು ರಕ್ಷಾಪುಟದಲ್ಲಿ ಅಚ್ಚಿನ ಕೆಂಪು ಬಣ್ಣ ಗೆರೆ ದಾಟಿ ಆಕಾಶಕ್ಕೆ ಚಾಚಿತ್ತು. ಚಿಕ್ಕವನಿದ್ದಾಗ ಆ ಕೆಂಪನ್ನು ನಾನು ಡಿಂಗನ ವೇಗ ಎಂದೇ ನಂಬಿದ್ದೆ. ಈಗಲೂ ಹಾಗೆಯೇ ಕಂಡಿತು.

ಡಿಂಗ ಹುಟ್ಟಿದ್ದು ಕೇರಳದಲ್ಲಿ, 1983ರಲ್ಲಿ, ಮಂಗಳಂ ಪ್ರಕಾಶನದ ಮಲಯಾಳ ಮಕ್ಕಳ ಪತ್ರಿಕೆ ‘ಬಾಲಮಂಗಳಂ’ನಲ್ಲಿ; ನಮ್ಮ ಬಾಲಮಂಗಳ ಅದರ ಕನ್ನಡ ರೂಪ. ಕತೆ ಎನ್. ಸೋಮಶೇಖರನ್ ಅವರದು, ಚಿತ್ರ ಬೇಬಿ ಅವರದು. ಕಾಡಿನ ತುಂಟ ಇಲಿಯೊಂದನ್ನು ಅನ್ಯಗ್ರಹದವರು ಹೊತ್ತೊಯ್ದು ಪ್ರಯೋಗ ಮಾಡುತ್ತಾರೆ. ಅದು ಅಪಾರ ಶಕ್ತಿ ಪಡೆದು ಮರಳಿ ಕಾಡಿಗೇ ಬಂದು ಕಷ್ಟದಲ್ಲಿರುವವರನ್ನು ಕಾಯುತ್ತದೆ.

ವೇಷ ಮಾತ್ರ ಎರವಲು. ಅಮೆರಿಕದ ಟೆರಿಟೂನ್ಸ್ ಸಂಸ್ಥೆ 1942ರಲ್ಲಿ ತೆರೆಗೆ ತಂದ ಮೈಟಿ ಮೌಸ್ ಎಂಬ ಇಲಿಗೂ ಮುಂದೆ ಇದೇ ಹಳದಿ ಉಡುಪು, ಇದೇ ಕೆಂಪು ಹೊದಿಕೆ, ಮೇಲೆ ಇದೇ ಕೆಂಪು ಚಡ್ಡಿ ಬಂತು. ಆ ಇಲಿ ಸೂಪರ್ ಮಾರ್ಕೆಟ್ಟಿಗೆ ನುಗ್ಗಿ, ಸೂಪರ್ ಸೋಪಿನಲ್ಲಿ ಮಿಂದು, ಸೂಪರ್ ಚೀಸ್ ತಿಂದು ಬಲ ಪಡೆಯಿತು. ಇಷ್ಟನ್ನೇ ಹಿಡಿದು ಡಿಂಗನನ್ನು ನಕಲು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದು ಅಂಗಡಿ ಸಾಲಿನ ಇಲಿ. ಇದು ಕಾಡಿನ ಇಲಿ. ಬಿಳಿಗಿರಿರಂಗನ ಬೆಟ್ಟ, ಮಾದಪ್ಪನ ಬೆಟ್ಟಗಳ ನಡುವೆ ಬೆಳೆಯುವ ಮಗುವಿಗೆ ಕಾಡನ್ನು ಯಾರೂ ವಿವರಿಸಬೇಕಿಲ್ಲ. ಗಣಪನನ್ನು ಹೊರುವ ಇಲಿಯನ್ನೂ ಆ ಮಗು ಬಲ್ಲದು. ಯಾರನ್ನೂ ಹೊರದೆ ತಾನೇ ಹಾರುವ ಇಲಿ ಅದಕ್ಕೆ ಹೊಸದಾಗಿತ್ತು, ಅಷ್ಟೇ.

ನನ್ನನ್ನು ಬಹಳ ಕಾಡಿದ್ದು ಹೆಸರು. ಮಲಯಾಳದವರು ಬರೆಯುವುದು ‘ಡಿಂಕನ್’. ಅನುನಾಸಿಕದ ಜೊತೆ ಬರುವ ಕಕಾರ ಅವರ ಬಾಯಲ್ಲಿ ಗಕಾರದ ಕಡೆಗೆ ಮೆತ್ತಗಾಗುತ್ತದೆ. ಕನ್ನಡಕ್ಕೆ ತಂದವರು ಕಿವಿಗೆ ಬಿದ್ದದ್ದನ್ನು ನಂಬಿ, ಕೊನೆಯ ನಕಾರವನ್ನೂ ಕೈಬಿಟ್ಟರು. ‘ಡಿಂಗ’ ಆಯಿತು. ಕೃಷ್ಣನ್ ಕೃಷ್ಣನಾದಂತೆ ಎಂದು ಇಲ್ಲಿಗೇ ಬಿಡಬಹುದು. ಆದರೆ ಈ ಸೀಮೆಯಲ್ಲಿ ನಿಂತು ಕೂಗಿ ನೋಡಿ: ಮಾದ, ನಿಂಗ, ಡಿಂಗ. ನಿಂಗನ ಪಕ್ಕದಲ್ಲಿ ಡಿಂಗ ಎಷ್ಟು ಸಲೀಸಾಗಿ ಕೂತುಬಿಟ್ಟ! ಕೊಳ್ಳೇಗಾಲ 1956ರವರೆಗೆ ಮದರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನೆರೆಯ ನುಡಿಯಿಂದ ಬಂದ ಹೆಸರನ್ನು ನಾಲಗೆಗೆ ಒಗ್ಗಿಸಿಕೊಳ್ಳುವುದು ಇಲ್ಲಿಯವರಿಗೆ ಹೊಸತಲ್ಲ. ಆ ಅನುವಾದಕರ ಕಿವಿಗೆ ನಾನು ಕೈಮುಗಿಯುತ್ತೇನೆ. ‘ಡಿಂಕನ್’ ಎಂದೇ ಉಳಿಸಿದ್ದರೆ ಅವನು ನೆಂಟನಾಗಿ ಬಂದು ನೆಂಟನಾಗಿಯೇ ಹೋಗುತ್ತಿದ್ದ. ‘ಡಿಂಗ’ ಮನೆಯವನಾದ. ನನ್ನ ಸ್ನೇಹಿತ ಇಂದಿಗೂ ಅವನು ಮಲಯಾಳದಿಂದ ಬಂದವನೆಂದರೆ ತಲೆಯಾಡಿಸುತ್ತಾನೆ, “ಬುಡಪ್ಪ, ನಮ್ಮೋನು ಕನಾ ಅವ್ನು” ಎನ್ನುತ್ತಾನೆ.

ಮುಂದಿನ ಕತೆ ಕೇರಳದ್ದು. ಅಲ್ಲಿ ‘ಬಾಲಮಂಗಳಂ’ 2012ರಲ್ಲಿ ನಿಂತಿತು. ಅದಕ್ಕೂ ಮೊದಲೇ ಕೆಲವು ವಿಚಾರವಾದಿ ಯುವಕರು ಡಿಂಕನನ್ನೇ ದೇವರೆಂದು ಘೋಷಿಸಿ, ಆ ಪತ್ರಿಕೆಯನ್ನೇ ಧರ್ಮಗ್ರಂಥ ಎಂದು ಕರೆದು, ಮತಗಳನ್ನು ಅಣಕಿಸಲು ‘ಡಿಂಕಮತ’ ಕಟ್ಟಿದ್ದರು. ನಟ ದಿಲೀಪ್ ನಾಯಕರಾಗಿ ‘ಪ್ರೊಫೆಸರ್ ಡಿಂಕನ್’ ಚಿತ್ರ ಘೋಷಣೆಯಾದಾಗ, 2016ರಲ್ಲಿ, ತಮ್ಮ ಭಾವನೆಗೆ ಧಕ್ಕೆಯಾಯಿತೆಂದು ಕೊಚ್ಚಿಯಲ್ಲಿ ಈ ಮತದವರು ಪ್ರತಿಭಟಿಸಿದರು. ಡಿಂಕಮತದವರ ಜಾಣತನ ಮೆಚ್ಚುವಂಥದ್ದೇ. ಆದರೂ ದೊಡ್ಡವರ ವಾದಕ್ಕೆ ಆಯುಧವಾದ ಆ ಇಲಿಯ ಮೇಲೆ ನನಗೆ ಅಕ್ಕರೆ ಹುಟ್ಟಲಿಲ್ಲ. ನನ್ನವನು ಗೋಣಿಚೀಲದಲ್ಲಿದ್ದವನು.

ಕಟ್ಟನ್ನು ಗುಜರಿಗೆ ಬಿಡಲಿಲ್ಲ. ಗೆದ್ದಲು ಕೊಡವಿ, ಬಿಸಿಲಿಗೆ ಹರವಿ, ಎತ್ತಿಟ್ಟಿದ್ದೇವೆ. ಒಂದು ಪುಟದ ಅಂಚಿನಲ್ಲಿ ಸ್ನೇಹಿತ ಪೆನ್ಸಿಲ್ಲಿನಲ್ಲಿ ಬರೆದ ಪುಟ್ಟ ಡಿಂಗನಿದ್ದಾನೆ, ಬಾಲ ಸ್ವಲ್ಪ ಉದ್ದವಾಗಿದೆ.

ನಿಮ್ಮ ಅಟ್ಟದ ಮೇಲೂ ಬಾಲಮಂಗಳದ ಕಟ್ಟು ಇದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ನಿಮ್ಮ ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಡಿ, ಮಕ್ಕಳ ಕೈಗೆ ಎಟುಕುವ ಕೆಳಗಿನ ಕಪಾಟಿನಲ್ಲಿ ಇಡಲು ಹೇಳಿ.